ಸಿಂಕ್‌ನಲ್ಲಿ ನಿಂತ ನೀರು, ಗೋಡೆಯಾಚೆ ಕೂತ ಗಂಟು

ಇದು ನಮ್ಮ ಮನೆಯದೇ ಪ್ರಕರಣ. ಅಡುಗೆಮನೆ ಸಿಂಕ್ ಕಟ್ಟಿಕೊಂಡಿತ್ತು, ನಾನೇ ಬಿಡಿಸಿದೆ. ಎರಡು ದಿನ ಹಿಡಿಯಿತು. ಅದರಲ್ಲಿ ಉಪಯೋಗಕ್ಕೆ ಬಂದ ಕೆಲಸ ಮುಕ್ಕಾಲು ಗಂಟೆಯದು. ಉಳಿದದ್ದೆಲ್ಲ ತಪ್ಪು ಜಾಗದಲ್ಲಿ ನಿಂತು ಗುದ್ದಾಡಿದ್ದು. ಆ ಗುದ್ದಾಟವನ್ನೂ ಬಿಡದೆ ಬರೆಯುತ್ತಿದ್ದೇನೆ. ಎಲ್ಲಿ ಕಟ್ಟಿದೆ ಅಂತ ಪೈಪ್ ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಪೈಪಿನ ದಾರಿ

ಮೊದಲು ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಇದನ್ನು ನಾನು ಕೊನೆಗೆ ನೋಡಿದೆ.

ಸಿಂಕ್‌ಗೆ ಎರಡು ತೊಟ್ಟಿ. ಎರಡರ ನೀರೂ ಕೆಳಗೆ ಒಂದೇ ಟ್ರ್ಯಾಪ್‌ಗೆ ಬೀಳುತ್ತದೆ. ಟ್ರ್ಯಾಪ್ ಅಂದರೆ ಸಿಂಕ್ ಕೆಳಗೆ ಕಾಣುವ ಆ ಬಾಗಿದ ಪೈಪ್. ಅಲ್ಲಿಂದ 40 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪೈಪ್ ಗೋಡೆ ತೂರಿ ಆಚೆ ಹೋಗುತ್ತದೆ. ಆಚೆ ಕಡೆ ವಾಷಿಂಗ್ ಮೆಷಿನ್ ಇದೆ. ಮೆಷಿನ್ ನೀರು ಹೊರಹಾಕುವ ನಿಂತ ಪೈಪ್ ಸಿಂಕ್‌ನಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಇದೇ ಪೈಪಿಗೆ ಬಂದು ಸೇರುತ್ತದೆ. ಆಮೇಲೆ ಎರಡರ ನೀರೂ ಒಟ್ಟಿಗೆ ಗೋಡೆಯ ಬುಡದಲ್ಲೇ ಹರಿದು ಮೂಲೆ ಮುಟ್ಟುತ್ತದೆ. ಮೂಲೆಯ ತಿರುವಿನಲ್ಲಿ ತಿರುಪಿನ ಮುಚ್ಚಳವೊಂದಿದೆ. ಅದನ್ನು ದಾಟಿ ನೀರು ಕೆಳಗಿಳಿದು ಹೊರಗಿನ ಚೇಂಬರ್, ಅಂದರೆ ಮನೆಯ ಕೊಳೆನೀರು ಬಂದು ಬೀಳುವ ಗುಂಡಿ, ಸೇರುತ್ತದೆ.

ಆ ಮುಚ್ಚಳ ಯಾಕಿದೆ ಅಂತ ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಪೈಪಿಗೆ ಅದೊಂದು ಅಲಂಕಾರ ಅಂದುಕೊಂಡಿದ್ದೆನೋ ಏನೋ.

ಮೂರು ವಾರದ ಲಕ್ಷಣ

ಒಂದೇ ದಿನದಲ್ಲಿ ಕಟ್ಟಿದ್ದಲ್ಲ. ಸುಮಾರು ಮೂರು ವಾರ ನೀರು ನಿಧಾನವಾಗುತ್ತಾ ಬಂತು. ಪಾತ್ರೆ ತೊಳೆದು ಮುಗಿಸಿದ ಮೇಲೂ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ನಿಂತಿರುತ್ತಿತ್ತು. ಒಮ್ಮೆ ಗಡಿಯಾರ ಹಿಡಿದು ನೋಡಿದೆ. ತುಂಬಿದ ಒಂದು ತೊಟ್ಟಿ ಖಾಲಿಯಾಗಲು 14 ನಿಮಿಷ ಬೇಕಾಯಿತು. ಹೀಗೆ ನಿಧಾನವಾಗಿ ಕಟ್ಟುತ್ತಾ ಬಂದರೆ ಪೈಪಿನ ಒಳಮೈಗೆ ಏನೋ ಪದರ ಪದರವಾಗಿ ಮೆತ್ತಿಕೊಳ್ಳುತ್ತಿದೆ ಅಂತ ಅರ್ಥ. ಚಮಚವೋ ಬಾಟಲಿ ಮುಚ್ಚಳವೋ ಬಿದ್ದಿದ್ದರೆ ಅದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಆಮೇಲೆ ಒಂದು ಶನಿವಾರ ಬೆಳಿಗ್ಗೆ ವಿಚಿತ್ರ ನಡೆಯಿತು. ಸಿಂಕ್ ಹತ್ತಿರ ಯಾರೂ ಇರಲಿಲ್ಲ. ವಾಷಿಂಗ್ ಮೆಷಿನ್ ನೀರು ಬಿಡುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಸಿಂಕ್ ತೂತಿನಿಂದ ಗುಳುಗುಳು ಅಂತ ಬೂದು ಬಣ್ಣದ ನೀರು ಮೇಲೆ ಬಂತು. ಮೇಲೆ ನೊರೆ ಬೇರೆ.

ನನ್ನ ತೀರ್ಮಾನ ಏನು ಗೊತ್ತಾ? "ಓ, ಮೆಷಿನ್ ಕೂಡ ಕೆಟ್ಟಿತು." ಒಂದೇ ಕಾಯಿಲೆಯ ಎರಡು ಲಕ್ಷಣವನ್ನು ಎರಡು ಕಾಯಿಲೆ ಅಂತ ಲೆಕ್ಕ ಹಾಕಿದೆ. ಮೆಷಿನ್ ನೀರು ಸಿಂಕ್‌ಗೆ ಬರಬೇಕಾದರೆ ಎರಡೂ ಪೈಪ್ ಸೇರುವ ಜಾಗದಿಂದ ಮುಂದೆ ಎಲ್ಲೋ ದಾರಿ ಮುಚ್ಚಿರಬೇಕು. ಸಿಂಕ್ ಕೆಳಗಿನ ಟ್ರ್ಯಾಪ್‌ನಲ್ಲಿ ಮಾತ್ರ ಕಟ್ಟಿದ್ದರೆ ಮೆಷಿನ್ ನೀರು ತನ್ನ ಪಾಡಿಗೆ ತಾನು ಹೋಗುತ್ತಿತ್ತು, ಅಲ್ವಾ? ಈ ಒಂದು ಮಾತು ಅವತ್ತೇ ಹೊಳೆದಿದ್ದರೆ ಈ ಬರಹ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ಶನಿವಾರದ ಪ್ರಯೋಗಗಳು

ಮೊದಲು ಬಿಸಿನೀರು. ಕೊತಕೊತ ಕುದಿಯುವ ಎರಡು ಪಾತ್ರೆ ನೀರು ತಂದು ಸುರಿದೆ. ಇದು ಎರಡು ರೀತಿಯಲ್ಲಿ ತಪ್ಪು. ಪಿವಿಸಿ ಪೈಪಿಗೆ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರು ಸರಿ. ಕುದಿಯುವ ನೀರು ಮತ್ತೆ ಮತ್ತೆ ಬಿದ್ದರೆ ಪೈಪ್ ಮೆತ್ತಗಾಗುತ್ತದೆ, ಜೋಡಣೆಗಳು ಸಡಿಲವಾಗುತ್ತವೆ. ಇನ್ನೊಂದು ತಪ್ಪು ಇನ್ನೂ ತಮಾಷೆಯದು. ತೊಟ್ಟಿಯಲ್ಲಿ ಆಗಲೇ ತಣ್ಣೀರು ನಿಂತಿತ್ತು. ಬಿಸಿನೀರು ತಣ್ಣೀರಿಗಿಂತ ಹಗುರ, ಮೇಲೆಯೇ ತೇಲುತ್ತದೆ. ನಾನು ಸುರಿದ ಬಿಸಿಯೆಲ್ಲ ಸಿಂಕ್‌ನಲ್ಲೇ ಆರಿ ಹೋಯಿತು. ಕಟ್ಟಿದ ಜಾಗಕ್ಕೆ ಅದರ ಸುದ್ದಿಯೂ ಮುಟ್ಟಲಿಲ್ಲ.

ಆಮೇಲೆ ಅಡುಗೆ ಸೋಡಾ ಮತ್ತು ವಿನೆಗರ್. ಇದನ್ನು ಎಲ್ಲರೂ ಹೇಳುತ್ತಾರೆ. ಬುಸ್ ಅಂತ ನೊರೆ ಏಳುವುದನ್ನು ನೋಡಿದರೆ ಒಳಗೆ ಭಾರಿ ಯುದ್ಧ ನಡೆಯುತ್ತಿದೆ ಅನಿಸುತ್ತದೆ. ನಿಜದಲ್ಲಿ ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಒಂದನ್ನೊಂದು ತಣ್ಣಗಾಗಿಸಿಕೊಳ್ಳುತ್ತವೆ. ಉಳಿಯುವುದು ಇಂಗಾಲದ ಡೈಆಕ್ಸೈಡ್ ಗಾಳಿ ಮತ್ತು ಸೋಡಿಯಂ ಅಸಿಟೇಟ್ ಅನ್ನುವ ಉಪ್ಪು ಕರಗಿದ ನೀರು. ಆ ಉಪ್ಪುನೀರು ಜಿಡ್ಡಿಗೆ ಏನೂ ಮಾಡುವುದಿಲ್ಲ. ಗಾಳಿಗೂ ಗಂಟನ್ನು ತಳ್ಳುವ ದರ್ದಿಲ್ಲ, ಸುಮ್ನೆ ಮೇಲಿನ ತೂತಿನಿಂದ ಎದ್ದು ಹೋಗುತ್ತದೆ. ವಾಸನೆ ಸ್ವಲ್ಪ ಕಡಿಮೆಯಾಗಬಹುದು. ಅದಕ್ಕಿಂತ ಜಾಸ್ತಿ ಏನೂ ನಿರೀಕ್ಷೆ ಬೇಡ.

ಮೂರನೆಯದು ಪ್ಲಂಜರ್, ಅಂದರೆ ಕೋಲಿಗೆ ರಬ್ಬರ್ ಬಟ್ಟಲು ಸಿಕ್ಕಿಸಿದ ಸಾಧನ. ಇದು ಒಳ್ಳೆಯ ಸಾಮಾನು, ಬಳಸುವುದು ಗೊತ್ತಿರಬೇಕು. ರಬ್ಬರ್ ಬಟ್ಟಲು ಮುಳುಗುವಷ್ಟು ನೀರು ತೊಟ್ಟಿಯಲ್ಲಿರಬೇಕು. ಗಾಳಿಯನ್ನು ಅದುಮಿದರೆ ಅದು ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ, ಒತ್ತಡವನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಒತ್ತುವಷ್ಟೇ ಜೋರಾಗಿ ಮೇಲಕ್ಕೆ ಎಳೆಯಲೂ ಬೇಕು. ಹಿಂದೆ ಮುಂದೆ ಅಲ್ಲಾಡಿಸಿದಾಗಲೇ ಗಂಟು ಸಡಿಲವಾಗುವುದು. ಬೇರೆ ತೂತುಗಳನ್ನೆಲ್ಲ ಮುಚ್ಚಬೇಕು. ಎರಡು ತೊಟ್ಟಿಯ ಸಿಂಕ್‌ನಲ್ಲಿ ಇನ್ನೊಂದು ತೊಟ್ಟಿಯ ತೂತಿಗೆ ಒದ್ದೆ ಬಟ್ಟೆ ಒತ್ತಿ ಯಾರಾದರೂ ಹಿಡಿದುಕೊಳ್ಳಬೇಕು. ತುಂಬಿ ಚೆಲ್ಲದಿರಲಿ ಅಂತ ಮೇಲೆ ಇಟ್ಟಿರುವ ತೂತು ಇದ್ದರೆ ಅದನ್ನೂ ಮುಚ್ಚಬೇಕು.

ಇಷ್ಟನ್ನೂ ಸರಿಯಾಗಿಯೇ ಮಾಡಿದೆ. ಮಗಳು ಬಟ್ಟೆ ಹಿಡಿದು ನಿಂತಿದ್ದಳು. ಇಪ್ಪತ್ತು ಸಲ ಒತ್ತಿ ಎಳೆದೆ. ಏನೂ ಆಗಲಿಲ್ಲ. ಸಂಜೆ ನೋಡಿದರೆ ವಾಷಿಂಗ್ ಮೆಷಿನ್ ಹಿಂದೆ ನೆಲವೆಲ್ಲ ಒದ್ದೆ. ನಾನು ಒತ್ತಿದ ಒತ್ತಡ ಗಂಟಿನ ಕಡೆಗೆ ಹೋಗುವ ಬದಲು ಮೆಷಿನ್‌ನ ನಿಂತ ಪೈಪ್ ಹತ್ತಿ ಅಲ್ಲಿಂದ ಚಿಮ್ಮಿತ್ತು. ನೀರು ಸುಲಭದ ದಾರಿ ಹುಡುಕಿಕೊಂಡಿತ್ತು. ನನಗೆ ಮುಚ್ಚಬೇಕಿದ್ದ ಮೂರನೆಯ ತೂತು ಇದೆ ಅಂತಲೇ ಗೊತ್ತಿರಲಿಲ್ಲ.

ಇದು ಎರಡನೆಯ ಸುಳಿವು. ನಾನು ನೆಲ ಒರೆಸಿ ಮೆಷಿನ್‌ಗೆ ಬೈದುಕೊಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ಕೈ ಉರಿ

ಟ್ರ್ಯಾಪ್ ಬಿಚ್ಚೋಣ ಅಂತ ಬೆಳಿಗ್ಗೆ ಸಿಂಕ್ ಕೆಳಗೆ ಬಕೆಟ್ ಇಟ್ಟು ಕೂತೆ. ತೊಟ್ಟಿಯ ನೀರನ್ನು ಮಗ್ಗಿನಲ್ಲಿ ತೋಡಿ ತೆಗೆದೆ. ಕೈಗವಸು ಹಾಕಿರಲಿಲ್ಲ. ಟ್ರ್ಯಾಪ್‌ನ ಮೇಲಿನ ನಟ್ ಸಡಿಲಿಸಿದಾಗ ನೀರು ಮಣಿಕಟ್ಟಿನ ಮೇಲೆ ಹರಿಯಿತು. ಬೆರಳು ಜಾರುತ್ತಿದ್ದವು, ಸೋಪು ಹಚ್ಚಿದ ಹಾಗೆ. ಸೋಪಿನ ನೀರು ಇರಬೇಕು ಅಂದುಕೊಂಡೆ. ಒಂದು ನಿಮಿಷದಲ್ಲಿ ಉರಿ ಶುರುವಾಯಿತು.

ಹಿಂದಿನ ರಾತ್ರಿ ನಾನು ಮಲಗಿದ ಮೇಲೆ ಮನೆಯವರೊಬ್ಬರು ಡ್ರೈನ್ ಕ್ಲೀನರ್ ಹರಳು ಸುರಿದಿದ್ದರು. ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ನನಗೆ ಹೇಳಲು ಮರೆತಿದ್ದರು, ನಾನೂ ಕೇಳಿರಲಿಲ್ಲ.

ಆ ಹರಳಿನಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಅದು ನೀರಿಗೆ ಬಿದ್ದರೆ ಚೆನ್ನಾಗಿ ಬಿಸಿಯಾಗುತ್ತದೆ, ಜಿಡ್ಡನ್ನು ಸೋಪಾಗಿ ಬದಲಾಯಿಸುತ್ತದೆ, ಕೂದಲನ್ನೂ ಕರಗಿಸುತ್ತದೆ. ನಮ್ಮ ಚರ್ಮದಲ್ಲೂ ಎಣ್ಣೆಯಂಶ ಇದೆಯಲ್ಲ, ಅದನ್ನೂ ಹಾಗೇ ಸೋಪು ಮಾಡುತ್ತದೆ. ಕೈ ಜಾರಿದ್ದು ಅದಕ್ಕೇ. ಮೊದಲು ನೋಯದೇ ಇರುವುದರಿಂದಲೇ ಇದು ಅಪಾಯ. ಕೈಯನ್ನು ಬಾತ್‌ರೂಮಿನ ನಲ್ಲಿ ಕೆಳಗೆ 20 ನಿಮಿಷ ಹಿಡಿದೆ. ವಿನೆಗರ್ ಹಾಕಿ ಸರಿಮಾಡೋಣ ಅಂತ ಯಾರೋ ಅಂದರು, ಬೇಡ ಅಂದೆ. ಆಮ್ಲ ಹಾಕಿದರೆ ಇನ್ನಷ್ಟು ಬಿಸಿ ಹುಟ್ಟುತ್ತದೆ. ಹರಿಯುವ ನೀರೇ ಮದ್ದು. ಕಣ್ಣಿಗೆ ಬಿದ್ದಿದ್ದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಓಡಬೇಕಿತ್ತು. ನನ್ನ ಪುಣ್ಯ, ಮಣಿಕಟ್ಟು ಕೆಂಪಾಗಿ ಎರಡು ದಿನದಲ್ಲಿ ಮಾಸಿತು.

ಆ ಹರಳಿನಿಂದ ಲಾಭವೇನಾದರೂ ಆಯಿತಾ? ಇಲ್ಲ. ಲೆಕ್ಕ ಹಾಕಿ ನೋಡಿ. ಗಂಟು ಇದ್ದದ್ದು ಸಿಂಕ್‌ನಿಂದ ಮೂರು ಮೀಟರ್ ಆಚೆ. 40 ಮಿಲಿಮೀಟರ್ ಅಗಲದ ಮೂರು ಮೀಟರ್ ಪೈಪಿನಲ್ಲಿ ಸುಮಾರು ಮೂರು ಮುಕ್ಕಾಲು ಲೀಟರ್ ನೀರು ಹಿಡಿಸುತ್ತದೆ. ಅಷ್ಟು ನೀರು ಅಲುಗಾಡದೆ ನಿಂತಿತ್ತು. ಮೇಲೆ ಸುರಿದ ಹರಳು ಟ್ರ್ಯಾಪ್‌ನಲ್ಲೇ ಕರಗಿ ಅಲ್ಲೇ ಕೂತಿತು, ಮಾರನೇ ದಿನ ನನ್ನ ಕೈ ಸುಡಲಿಕ್ಕೆ. ನೀರು ಪೂರ್ತಿ ನಿಂತಿರುವಾಗ ಇಂಥ ಹರಳು ಒಳಗೇ ಹೆಪ್ಪುಗಟ್ಟಿ ಇನ್ನೊಂದು ಗಂಟಾಗುವುದೂ ಉಂಟು.

ಇದರ ಮೇಲೆ ಬೇರೆ ಏನನ್ನೂ ಸುರಿಯಬಾರದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬ್ಲೀಚ್ ಜೊತೆ ಆಮ್ಲ ಸೇರಿದರೆ ಕ್ಲೋರಿನ್ ವಿಷಗಾಳಿ ಬರುತ್ತದೆ. ಬ್ಲೀಚ್ ಜೊತೆ ಅಮೋನಿಯಾ ಸೇರಿದರೆ ಕ್ಲೋರಮೈನ್. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಮುಟ್ಟಿದರೆ ಹೈಡ್ರೋಜನ್ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಗಾಳಿ. ರಾಸಾಯನಿಕ ಹಾಕಿದ ಮೇಲೆ ಪ್ಲಂಜರ್ ಒತ್ತುವುದೂ ಬೇಡ, ಮುಖಕ್ಕೆ ಎರಚುತ್ತದೆ. ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರು ಏನು ಸುರಿದರೂ ಸಿಂಕ್ ಮೇಲೆ ಚೀಟಿ ಅಂಟಿಸಬೇಕು.

ಟ್ರ್ಯಾಪ್‌ನಲ್ಲಿ ಏನೂ ಇರಲಿಲ್ಲ

ಕೈಗವಸು, ಕನ್ನಡಕ ಹಾಕಿಕೊಂಡು ಮತ್ತೆ ಕೂತೆ. ಟ್ರ್ಯಾಪ್ ಬಿಚ್ಚಿ ಬಕೆಟ್‌ಗೆ ಬಗ್ಗಿಸಿದೆ. ತಳದಲ್ಲಿ ಒಂದು ಬೆರಳಷ್ಟು ಕೆಸರು, ಒಂದು ಅಂಗಿ ಗುಂಡಿ, ಅಷ್ಟೇ. ಆರಪಾರ ಬೆಳಕು ಕಾಣುತ್ತಿತ್ತು.

ಟ್ರ್ಯಾಪ್ ಬಗ್ಗೆ ಒಂದು ಮಾತು. ಸಿಂಕ್ ಕಟ್ಟಿದರೆ ಎಲ್ಲರೂ ಮೊದಲು ಅನುಮಾನಿಸುವುದು ಇದನ್ನೇ. ಪಾಪ, ಅದರ ಕೆಲಸವೇ ನೀರು ನಿಲ್ಲಿಸಿಕೊಳ್ಳುವುದು. ಬಾಗಿದ ಜಾಗದಲ್ಲಿ ಸಾಮಾನ್ಯವಾಗಿ 5 ಸೆಂಟಿಮೀಟರ್ ಆಳದ ನೀರು ಯಾವಾಗಲೂ ನಿಂತಿರುತ್ತದೆ. ಚರಂಡಿಯ ನಾತ ಆ ನೀರನ್ನು ದಾಟಿ ಮನೆಯೊಳಗೆ ಬರಲಾರದು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನುವ ಗಡಿಯಾರ ತಯಾರಕ ಶೌಚದ ಪೈಪಿಗೆ ಇಂಥದೇ ಬಾಗು ಕೊಟ್ಟು ಪೇಟೆಂಟ್ ಪಡೆದ. ಚಲಿಸುವ ಭಾಗ ಒಂದೂ ಇಲ್ಲದ, ಗಡಿಯಾರದವನು ಮಾಡಿದ ಸಾಧನ! ನನಗಂತೂ ಇದು ಬಹಳ ಇಷ್ಟವಾದ ವಿಷಯ. ಟ್ರ್ಯಾಪ್ ಬಿಚ್ಚಿಟ್ಟಾಗ ಗೋಡೆ ಕಡೆಯ ಪೈಪ್ ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಆ ನಾತವೆಲ್ಲ ಅಡುಗೆಮನೆಗೇ.

ಗಂಟು ಗೋಡೆಯಾಚೆ ಇದೆ ಅಂತ ಈಗ ಖಚಿತವಾಯಿತು. ಸ್ಪ್ರಿಂಗ್ ಕೇಬಲ್ ತಂದಿದ್ದೆ. ತುದಿಯಲ್ಲಿ ಸುರುಳಿ, ಇನ್ನೊಂದು ತುದಿಯಲ್ಲಿ ತಿರುಗಿಸುವ ಹಿಡಿ, ಐದು ಮೀಟರ್ ಉದ್ದ. ಗೋಡೆಯ ಪೈಪಿಗೆ ತೂರಿಸಿ ತಿರುಗಿಸುತ್ತಾ ತಳ್ಳಿದೆ. ಸಲೀಸಾಗಿ ಹೋಯಿತು. ಒಂದು ಮೀಟರ್, ಒಂದೂವರೆ, ಎರಡು. "ಬಿಟ್ಟುಕೊಂಡಿತು ಕಣೇ" ಅಂತ ಮಗಳಿಗೆ ಕೂಗಿದೆ. ಅವಳು ಆಚೆಯಿಂದ ನಗುತ್ತಾ ಕೂಗಿದಳು. ಮೆಷಿನ್ ಹಿಂದಿನ ನಿಂತ ಪೈಪಿನಿಂದ ನನ್ನ ಕೇಬಲ್ ತುದಿ ಹೊರಗೆ ಇಣುಕುತ್ತಿತ್ತು.

ಮೂರನೇ ಸಲ ಅದೇ ಪೈಪ್. ಆಗ ಕೊನೆಗೂ ಕೆಳಗೆ ಕೂತು ಕಾಗದದ ಮೇಲೆ ಪೈಪಿನ ದಾರಿ ಬರೆದೆ. ಮೇಲೆ ಮೊದಲಿಗೇ ಹೇಳಿದೆನಲ್ಲ, ಅದೇ ಚಿತ್ರ. ಗೆರೆ ಎಳೆದ ಮೇಲೆ ಎಲ್ಲ ಸುಲಭ. ಮೆಷಿನ್ ನೀರು ಸಿಂಕ್‌ಗೆ ಬರುತ್ತದೆ, ಹಾಗಾಗಿ ಗಂಟು ಸೇರುವ ಜಾಗದಿಂದ ಮುಂದೆ ಇದೆ. ಬಾತ್‌ರೂಮ್ ನೀರು ಅದೇ ಚೇಂಬರ್‌ಗೆ ಬೀಳುತ್ತದೆ, ಅದು ಸರಾಗವಾಗಿ ಹೋಗುತ್ತಿದೆ, ಹಾಗಾಗಿ ಗಂಟು ಚೇಂಬರ್‌ಗಿಂತ ಹಿಂದೆ ಇದೆ. ಇವೆರಡರ ನಡುವೆ ಉಳಿಯುವುದು ಎರಡು ಚಿಲ್ಲರೆ ಮೀಟರ್ ಮಾತ್ರ.

ಹಾಗೇ ಹೇಳುತ್ತೇನೆ: ಬಾತ್‌ರೂಮ್, ಶೌಚ, ಸಿಂಕ್ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಉಕ್ಕುತ್ತಿದ್ದರೆ ಗಂಟು ಮುಖ್ಯ ಪೈಪಿನಲ್ಲಿದೆ. ಅದು ಈ ಚಿಕ್ಕ ಕೇಬಲ್‌ನ ಕೆಲಸ ಅಲ್ಲ. ಮನೆಯಲ್ಲಿ ನೀರು ಬಳಸುವುದನ್ನು ನಿಲ್ಲಿಸಿ, ಕೆಲಸ ಗೊತ್ತಿದ್ದವರನ್ನು ಕರೆಯಿರಿ.

ಮುಚ್ಚಳ ತೆಗೆದ ಮುಕ್ಕಾಲು ಗಂಟೆ

ಟ್ರ್ಯಾಪ್ ಮತ್ತೆ ಜೋಡಿಸಿದೆ. ಜೋಡಿಸುವಾಗ ವಾಷರ್‌ನ ದಿಕ್ಕು ಮುಖ್ಯ. ಇಳಿಜಾರು ಅಂಚಿನ ವಾಷರ್ ಆದರೆ ಸಣ್ಣಗಾಗುವ ಕಡೆ ಒಳಗೆ ಕೂರುವ ಹಾಗೆ ಹಾಕಬೇಕು. ನಟ್ ಅನ್ನು ಕೈಯಲ್ಲಿ ಬಿಗಿ ಮಾಡಿ ಆಮೇಲೆ ಕಾಲು ಸುತ್ತು ಸಾಕು. ಶಕ್ತಿ ತೋರಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಸೋರುತ್ತದಾ ನೋಡಲು ಎರಡೂ ತೊಟ್ಟಿಗೆ ಅರ್ಧದಷ್ಟು ನೀರು ಬಿಟ್ಟೆ. ಒಣ ಟಿಶ್ಯೂ ಕಾಗದವನ್ನು ನಟ್ ಸುತ್ತ ಸವರಿದೆ. ಒಂದು ಹನಿ ಸೋರಿದರೂ ಕಾಗದದಲ್ಲಿ ಕಲೆ ಕಾಣುತ್ತದೆ. ಸೋರಲಿಲ್ಲ.

ಆ ಅರ್ಧ ತೊಟ್ಟಿ ನೀರನ್ನು ಹಾಗೇ ಬಿಟ್ಟು ಮೂಲೆಯ ಮುಚ್ಚಳದ ಹತ್ತಿರ ಹೋದೆ. ಇದು ನನ್ನ ಕೊನೆಯ ತಪ್ಪು.

ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು, ಹಿಂದೆ ನೀರು ತುಂಬಿದ್ದರೆ ರಪ್ಪಂತ ಹೊರಗೆ ಬರುತ್ತದೆ. ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು ಕಾಲು ಕಾಲು ಸುತ್ತು ತಿರುಗಿಸಿದೆ. ಒಂದು ಲೋಟದಷ್ಟೂ ಬರಲಿಲ್ಲ. ಅಂದರೆ ಗಂಟು ಈ ಮುಚ್ಚಳಕ್ಕಿಂತ ಹಿಂದೆಯೇ ಇದೆ. ಅಷ್ಟು ಚೆನ್ನಾಗಿ ಸಿಕ್ಕಿಬಿದ್ದಿತ್ತು.

ಕೇಬಲ್ ಅನ್ನು ನೀರು ಬರುವ ದಿಕ್ಕಿಗೆ ಎದುರಾಗಿ ತೂರಿಸಿದೆ. ಮುಂಗೈ ಉದ್ದ ಹೋಗುವಷ್ಟರಲ್ಲಿ ತಡೆಯಿತು. ಇಲ್ಲಿ ಕೈಗೆ ಸಿಗುವ ಅನುಭವ ಗೊತ್ತಿರುವುದು ಒಳ್ಳೆಯದು. ಪೈಪಿನ ತಿರುವಿಗೆ ತಾಗಿದರೆ ಕೇಬಲ್ ಗಟ್ಟಿಯಾಗಿ ಟಕ್ ಅಂತ ನಿಲ್ಲುತ್ತದೆ. ಗಂಟಿಗೆ ತಾಗಿದರೆ ಹಸಿ ಮಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಮೆತ್ತಗೆ ಹಿಡಿಯುತ್ತದೆ. ಇದು ಮೆತ್ತಗಿತ್ತು. ಜೋರಾಗಿ ತಳ್ಳಲಿಲ್ಲ, ತಳ್ಳಿದರೆ ಗಂಟು ಇನ್ನಷ್ಟು ಒತ್ತಾಗುತ್ತದೆ. ಹಿಡಿಯನ್ನು ಬಲಕ್ಕೆ ತಿರುಗಿಸುತ್ತಾ ತುದಿ ಕಚ್ಚಿಕೊಳ್ಳುವವರೆಗೆ ಕಾದು, ತಿರುಗಿಸುತ್ತಲೇ ಹಿಂದಕ್ಕೆ ಎಳೆದೆ. ಮೊದಲ ಸಲ ಮುಷ್ಟಿಯಷ್ಟು ಬಂತು. ಎರಡನೆಯ ಸಲ ಅದಕ್ಕಿಂತ ದೊಡ್ಡದು. ಮೂರನೆಯ ಸಲ ತೂತು ಬಿತ್ತು.

ಆಮೇಲೆ ಬಂದದ್ದು ನಾನು ಮರೆತಿದ್ದ ಆ ಎರಡು ತೊಟ್ಟಿ ನೀರು. ಬಕೆಟ್ ಹತ್ತು ಲೀಟರಿನದು. ಉಳಿದದ್ದು ನನ್ನ ಚಪ್ಪಲಿ, ಪ್ಯಾಂಟು, ಮೆಷಿನ್ ಪಕ್ಕದ ಒಗೆದ ಬಟ್ಟೆಯ ಬುಟ್ಟಿ.

ಒಳಗಿಂದ ಬಂದದ್ದು ಏನು

ಬೂದು ಬಣ್ಣ, ಮೇಣದ ಹಾಗೆ. ಹಿಚುಕಿದರೆ ಒಡೆಯದೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅದು ಬರೀ ಜಿಡ್ಡಾಗಿರಲಿಲ್ಲ. ಪಾತ್ರೆಯ ಎಣ್ಣೆ ಪೈಪಿನಲ್ಲಿ ತಣ್ಣಗಾಗಿ ಒಡೆದು ಕೊಬ್ಬಿನಾಮ್ಲವಾಗುತ್ತದೆ. ಅದು ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಗಟ್ಟಿ ಸೋಪಾಗುತ್ತದೆ. ನಮ್ಮ ಪೈಪಿನಲ್ಲಿ ಅದಕ್ಕೆ ಬಟ್ಟೆಯ ನೂಲಿನ ಧೂಳೂ ಸೇರಿತ್ತು. ಪ್ರತಿ ಒಗೆತಕ್ಕೂ ಮೆಷಿನ್ ಒಂದಿಷ್ಟು ನೂಲು ಬಿಡುತ್ತದೆ. ಸಿಂಕ್ ಅಂಟು ಕೊಟ್ಟಿತು, ಮೆಷಿನ್ ನಾರು ಕೊಟ್ಟಿತು. ಮಣ್ಣಿಗೆ ಹುಲ್ಲು ಬೆರೆಸಿ ಗೋಡೆ ಕಟ್ಟುತ್ತಾರಲ್ಲ, ಹಾಗೆ. ಲಂಡನ್‌ನ ವೈಟ್‌ಚಾಪೆಲ್ ಕೆಳಗಿನ ಚರಂಡಿಯಲ್ಲಿ 2017ರಲ್ಲಿ ಸಿಕ್ಕ ಜಿಡ್ಡಿನ ಗುಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಅದನ್ನು ಕಟ್ಟಿದ ಅಂಟೂ ಇದೇ.

ಆದರೆ ಸರಿಯಾಗಿ ಅದೇ ಜಾಗದಲ್ಲಿ ಯಾಕೆ? ಪೈಪಿನುದ್ದಕ್ಕೂ ದಾರ ಕಟ್ಟಿ ಎಳೆದು ನೋಡಿದೆ. ಇಂಥ ಪೈಪಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಇರಬೇಕು. ಮೂಲೆಗೆ ಅರ್ಧ ಮೀಟರ್ ಮುಂಚೆ ಪೈಪನ್ನು ಗೋಡೆಗೆ ಹಿಡಿದಿಡುವ ಒಂದು ಕ್ಲಾಂಪ್ ಮುರಿದಿತ್ತು. ಪೈಪ್ ಅಲ್ಲಿ 3 ಸೆಂಟಿಮೀಟರ್ ಜೋತುಬಿದ್ದು, ಮತ್ತೆ ಮೇಲೆ ಹತ್ತಿ ಮುಚ್ಚಳ ಸೇರುತ್ತಿತ್ತು. ಆ ಹೊಟ್ಟೆಯಲ್ಲಿ ನೀರು ಯಾವಾಗಲೂ ನಿಂತೇ ಇತ್ತು. ಬಿಸಿನೀರಿನಲ್ಲಿ ಕರಗಿ ಬಂದ ಜಿಡ್ಡು ಅಲ್ಲಿ ತಣ್ಣಗಾಗಿ ಕೂರುತ್ತಿತ್ತು. ಗಂಟು ತೆಗೆದು ಕ್ಲಾಂಪ್ ಹಾಗೇ ಬಿಟ್ಟಿದ್ದರೆ ಮತ್ತೆ ಅಲ್ಲೇ ಕಟ್ಟುತ್ತಿತ್ತು. ಮುರಿದದ್ದನ್ನು ಬದಲಾಯಿಸಿ, ಅರ್ಧ ಮೀಟರಿಗೊಂದರಂತೆ ಹೊಸ ಕ್ಲಾಂಪ್ ಹಾಕಿ ದಾರದ ಗೆರೆಗೆ ಪೈಪ್ ಎತ್ತಿದೆ.

ಮುಚ್ಚಳದ ರಬ್ಬರ್ ರಿಂಗ್ ಒರೆಸಿ, ಸೋಪಿನ ನೀರು ಸವರಿ ಕೂರಿಸಿದೆ. ಕೈ ತಡೆಯುವಷ್ಟು ಬಿಸಿಯ ನೀರಿಗೆ ಪಾತ್ರೆ ಸೋಪು ಬೆರೆಸಿ ಎರಡೂ ತೊಟ್ಟಿ ತುಂಬಿಸಿ, ಎರಡರ ಬಿರಡೆಯನ್ನೂ ಒಟ್ಟಿಗೆ ಎಳೆದೆ. ಪೈಪ್ ತುಂಬಿ ಹರಿದರೆ ಮಾತ್ರ ಒಳಮೈ ತೊಳೆಯುತ್ತದೆ, ನಲ್ಲಿಯ ಸಣ್ಣ ಧಾರೆಯಿಂದ ಆಗುವುದಿಲ್ಲ. ಮೂರು ಸಲ ಮಾಡಿದೆ. ಮೂರನೆಯ ಸಲ ತೊಟ್ಟಿಗಳು 50 ಸೆಕೆಂಡಿನಲ್ಲಿ ಖಾಲಿ. ಮೆಷಿನ್ ಹಾಕಿ, ಅದು ನೀರು ಬಿಡುವಾಗ ಸಿಂಕ್ ಪಕ್ಕ ನಿಂತೆ. ಗುಳುಗುಳು ಇಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಜಿಡ್ಡಿನ ಪಾತ್ರೆಯನ್ನು ತೊಳೆಯುವ ಮೊದಲು ಕಾಗದದಿಂದ ಒರೆಸುತ್ತೇವೆ. ಮೆಷಿನ್ ಕೊಳವೆಯ ತುದಿಗೆ ನೂಲು ಹಿಡಿಯುವ ಜಾಲರಿ ಚೀಲ ಕಟ್ಟಿದೆ. ವಾರಕ್ಕೊಮ್ಮೆ ಅದನ್ನು ಬಿಡಿಸುವುದು ಮಗಳ ಪಾಲಿಗೆ ಬಂದಿದೆ, ಅವಳಿಗೆ ಅದು ಇಷ್ಟವಿಲ್ಲ. ಮೂರು ತಿಂಗಳಾದ ಮೇಲೆ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಒಳಗೆ ತೆಳುವಾದ ಬಿಳಿ ಪದರ ಇತ್ತು, ಬೆರಳಿನಿಂದ ಉಜ್ಜಿದರೆ ಹೋಯಿತು. ಬಿಚ್ಚುವ ಮೊದಲು ಸಿಂಕ್ ಖಾಲಿ ಇದೆಯಾ ಅಂತ ಎರಡು ಸಲ ಹೋಗಿ ನೋಡಿ ಬಂದೆ.